ಎರಡು ಸೆಂಟಿಮೀಟರ್‌ನಿಂದ ಮೂವತ್ತಕ್ಕೆ: ನಮ್ಮ ಛಾವಣಿಗೆ ಮರದ ನಾರು ಹಾಕಿಸಿದ ಕಥೆ

ಜರ್ಮನಿಯಲ್ಲಿ ಹಳೇ ಮನೆ ಕೊಂಡವರಿಗೆ ಮೊದಲ ತಲೆನೋವು ಛಾವಣಿ. ನಮ್ಮ ಮನೆ ಇರೋದು ದೇಶದ ದಕ್ಷಿಣದ ತುದಿಯಲ್ಲಿ, ವಾಲ್ಡ್ಸ್‌ಹೂಟ್-ಟೀಂಗೆನ್ ಹತ್ತಿರ. ರೈನ್ ನದಿ ದಾಟಿದರೆ ಸ್ವಿಟ್ಜರ್ಲೆಂಡ್, ಬೆನ್ನ ಹಿಂದೆ ಬ್ಲ್ಯಾಕ್ ಫಾರೆಸ್ಟ್ ಗುಡ್ಡಗಳು. 1950ರ ದಶಕದಲ್ಲಿ ಕಟ್ಟಿದ ಮನೆ. ಗೋಡೆಗಳು ಗಟ್ಟಿಯಾಗಿದ್ದವು. ಆದರೆ ಅಟ್ಟದ ರೂಮಿನಲ್ಲಿ ಬೇಸಿಗೆ ರಾತ್ರಿ ಮಲಗೋ ಹಾಗಿರಲಿಲ್ಲ, ಚಳಿಗಾಲದಲ್ಲಿ ಹೀಟರ್ ಎಷ್ಟು ತಿರುಗಿಸಿದರೂ ಕಾಲು ಬೆಚ್ಚಗಾಗುತ್ತಿರಲಿಲ್ಲ. ಅದಕ್ಕೆ ಛಾವಣಿಗೆ ಶಾಖ ತಡೆಯುವ ಮರದ ನಾರಿನ ಹಲಗೆ ಹಾಕಿಸಲು ಹೊರಟೆವು.

ಇಲ್ಲಿ ಸುಮ್ನೆ ಮೇಸ್ತ್ರಿ ಕರೆದು ಕೆಲಸ ಶುರು ಮಾಡೋ ಹಾಗಿಲ್ಲ. ಮಾಡಬಹುದು, ಆದರೆ ಶಾಖ ಉಳಿಸುವ ಕೆಲಸಕ್ಕೆ ಸರ್ಕಾರ ಕೊಡುವ ಸಬ್ಸಿಡಿ ಸಿಗಲ್ಲ. ಮೊದಲು ಸರ್ಕಾರದ ಪಟ್ಟಿಯಲ್ಲಿರುವ ಎನರ್ಜಿ ಕನ್ಸಲ್ಟಂಟ್ ಒಬ್ಬರು ಬಂದು ಕೆಲಸ ನಿಯಮಕ್ಕೆ ಸರಿಯಿದೆ ಅಂತ ದೃಢೀಕರಿಸಬೇಕು. ಬೇಕಿದ್ದರೆ ಮನೆಯನ್ನೆಲ್ಲ ಅಳೆದು, ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ಒಂದು ಪ್ಲಾನನ್ನೂ ಬರೆದುಕೊಡುತ್ತಾರೆ. ಛಾವಣಿ, ಗೋಡೆ, ಕಿಟಕಿ ಇಂಥವಕ್ಕೆ ಬಾಫಾ ಅನ್ನೋ ಕೇಂದ್ರ ಕಚೇರಿ ಖರ್ಚಿನ 15% ಕೊಡುತ್ತದೆ. ಆ ಪ್ಲಾನ್ ಇದ್ದರೆ ಇನ್ನೂ 5% ಸೇರುತ್ತದೆ. ಅಷ್ಟೇ ಅಲ್ಲ, ಲೆಕ್ಕಕ್ಕೆ ಹಿಡಿಯುವ ಖರ್ಚಿನ ಮಿತಿ 30,000 ಯೂರೋದಿಂದ 60,000ಕ್ಕೆ ಏರುತ್ತದೆ. ಅರ್ಜಿ ಹಾಕುವ ಮೊದಲೇ ಗುತ್ತಿಗೆದಾರರ ಜೊತೆ ಕರಾರು ಆಗಿರಬೇಕು, ಆದರೆ ಆ ಕರಾರಿನಲ್ಲಿ 'ಸಬ್ಸಿಡಿ ಮಂಜೂರಾದರೆ ಮಾತ್ರ ಇದು ಜಾರಿ' ಅಂತ ಒಂದು ಷರತ್ತು ಇರಬೇಕು. ಇದನ್ನು ಮೊದಲ ಸಲ ಓದಿದಾಗ ನಮ್ಮನೆಯವರು ಪೇಪರ್ ಕೆಳಗಿಟ್ಟು ಕಾಫಿ ಮಾಡಲು ಎದ್ದು ಹೋದರು.

ಕನ್ಸಲ್ಟಂಟ್ ಹೇಳಿದ ಒಂದು ಅಂಕಿ ಮಾತ್ರ ಕೊನೇವರೆಗೂ ನಮ್ಮ ಬೆನ್ನು ಬಿಡಲಿಲ್ಲ: 0.14. ಛಾವಣಿಯ ಒಂದು ಚದರ ಮೀಟರ್‌ನಿಂದ ಎಷ್ಟು ಶಾಖ ಸೋರುತ್ತದೆ ಅನ್ನೋ ಅಳತೆ ಅದು, ಯು-ವ್ಯಾಲ್ಯೂ ಅಂತಾರೆ. ಕಾನೂನಿಗೆ 0.24 ಸಾಕು. ದುಡ್ಡು ಬೇಕಿದ್ದರೆ 0.14ಕ್ಕೆ ಇಳಿಸಬೇಕು. ಮರದ ನಾರಿನಲ್ಲಿ ಅಷ್ಟಕ್ಕೆ ಇಳಿಸೋಕೆ ನಮ್ಮ ಛಾವಣಿಗೆ ಬೇಕಾದ ದಪ್ಪ ಒಟ್ಟು 30 ಸೆಂಟಿಮೀಟರ್. ಒಂದು ಗೇಣಿಗಿಂತ ಜಾಸ್ತಿ.

ಕೊಟೇಶನ್ ತರಿಸಿದೆವು. ಮೊದಲು ಬಂದ ಒಬ್ಬ ಗುತ್ತಿಗೆದಾರರು ಥರ್ಮಾಕೋಲ್ ಥರದ ಹಲಗೆ ಹಾಕೋಣ, ಅಗ್ಗ, ಹಗುರ ಅಂದರು. ಮರದ ನಾರಿನ ವಿಷಯ ಎತ್ತಿದರೆ 'ಬೆಂಕಿ ಹತ್ತಿಕೊಳ್ಳುತ್ತೆ' ಅಂತ ಕೈ ಆಡಿಸಿಬಿಟ್ಟರು. ಆ ಥರ್ಮಾಕೋಲೂ ಬೆಂಕಿಗೆ ಕರಗಿ ಉರಿಯುತ್ತದಲ್ಲ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಇನ್ನೊಬ್ಬರು ಬಡಗಿ. ಇಲ್ಲಿ ಛಾವಣಿ ಕೆಲಸವನ್ನು ಬಡಗಿಗಳೂ ಮಾಡುತ್ತಾರೆ. ಅವರು ಅಟ್ಟಕ್ಕೆ ಹತ್ತಿ, ಪಕಾಸಿಗಳನ್ನು ಬೆರಳಲ್ಲಿ ಬಡಿದು ನೋಡಿ, ಒಳಗಿನ ಹಲಗೆಯ ಒಂದು ಮೂಲೆ ಎಬ್ಬಿಸಿದರು. ಹಿಂದೆ ಕಂದು ಬಣ್ಣದ ಒಂದು ತೆಳು ಶೀಟು ಕಾಣಿಸಿತು. ಅಂಚನ್ನು ಮುರಿದು ನನ್ನ ಕೈಗೆ ಕೊಟ್ಟರು. 'ಇದೂ ಮರದ ನಾರೇ. ನಿಮ್ಮ ಮನೆಯಷ್ಟೇ ವಯಸ್ಸಾಗಿದೆ.'

ಎರಡು ಸೆಂಟಿಮೀಟರ್ ದಪ್ಪ. ಕಾಫಿ ಪುಡಿ ಬಣ್ಣ. ಮುರಿದ ಕಡೆ ಕೂದಲಿಗಿಂತ ಸಣ್ಣ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ನಿಂತಿದ್ದವು. ಇಷ್ಟು ವರ್ಷ ಆಗಿದ್ದರೂ ಪುಡಿ ಉದುರಲಿಲ್ಲ, ಹುಳ ತಿಂದಿರಲಿಲ್ಲ. ಕೆಲಸಕ್ಕೆ ಬಾರದ ವಸ್ತು ಅಂತ ಹೇಳೋ ಹಾಗಿರಲಿಲ್ಲ. ಅಷ್ಟು ತೆಳುವಾದದ್ದು ಈ ಚಳಿಗೆ ಸಾಕಾಗುತ್ತಿರಲಿಲ್ಲ, ಅಷ್ಟೇ.

ಬಡಗಿಯ ಕೊಟೇಶನ್‌ನಲ್ಲಿದ್ದ ಹಲಗೆ ಗುಟೆಕ್ಸ್ ಕಂಪನಿಯದು. ನಮ್ಮ ಊರಿನಿಂದ ಕಾರಲ್ಲಿ ಸ್ವಲ್ಪ ದೂರ, ಶ್ಲುಖ್ಟ್ ಅನ್ನೋ ಹೊಳೆ ಹರಿಯುವ ಕಣಿವೆಯಲ್ಲಿ, ಗುಟೆನ್‌ಬುರ್ಗ್ ಅನ್ನೋ ಜಾಗದಲ್ಲಿ ಕಾರ್ಖಾನೆ. ಮೇಲೆ ಹಾಳುಬಿದ್ದ ಒಂದು ಕೋಟೆ, ಕೆಳಗೆ ಹೊಳೆ, ನಡುವೆ ಆವಿ ಬಿಡುವ ಚಿಮಣಿ. ನಾನು ಆ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೆ, ಅಲ್ಲಿ ಏನು ಮಾಡುತ್ತಾರೆ ಅಂತ ಯೋಚಿಸಿರಲಿಲ್ಲ. ಈಗ ನಮ್ಮ ದುಡ್ಡು ಅಲ್ಲಿಗೆ ಹೋಗೋದು ಅಂತಾದ ಮೇಲೆ ಓದಲು ಕೂತೆ.

ಕಂಪನಿ ಶುರುವಾಗಿದ್ದು 1932ರಲ್ಲಿ. ಹೆನ್ಸೆಲ್‌ಮನ್ ಅನ್ನೋ ಮನೆತನದ್ದು, ಈಗಲೂ ಕುಟುಂಬದ ಕೈಯಲ್ಲೇ ಇದೆ. ಅದೇ 1932ರಲ್ಲಿ, ಗಡಿಯಾಚೆ ಸ್ವಿಟ್ಜರ್ಲೆಂಡಿನ ಖಾಮ್ ಊರಿನಲ್ಲಿ ಪಾವಾಟೆಕ್ಸ್ ಅನ್ನೋ ಇನ್ನೊಂದು ಮರದ ನಾರಿನ ಕಂಪನಿ ಹುಟ್ಟಿತು. ಹತ್ತಿರ ಹತ್ತಿರದ ಎರಡು ಕಡೆ, ಒಂದೇ ವರ್ಷ. ಕಾರಣ ಇಲ್ಲದೆ ಹೀಗಾಗಲ್ಲ. ಸ್ವಲ್ಪ ಹಿಂದಕ್ಕೆ ಹೋದರೆ ಗೊತ್ತಾಗುತ್ತೆ.

ಈ ಹಲಗೆಯ ಕಥೆ ಶುರುವಾಗೋದು ಅಮೆರಿಕದಲ್ಲಿ, ಕೆನಡಾ ಗಡಿಯ ಇಂಟರ್‌ನ್ಯಾಷನಲ್ ಫಾಲ್ಸ್ ಊರಿನ ಕಾಗದ ಕಾರ್ಖಾನೆಯಲ್ಲಿ. ಕಾಗದಕ್ಕೆ ಆಗದ ಒರಟು ನಾರು ರಾಶಿ ಬೀಳುತ್ತಿತ್ತು. 1914ರಲ್ಲಿ ಕಾರ್ಲ್ ಮ್ಯೂಂಕ್ ಅನ್ನೋರು ಅದನ್ನೇ ದಪ್ಪ ಹಲಗೆ ಮಾಡಿ 'ಇನ್ಸುಲೈಟ್' ಅಂತ ಮಾರುಕಟ್ಟೆಗೆ ತಂದರು. 1920ರ ದಶಕದಲ್ಲಿ ಲೂಸಿಯಾನದಲ್ಲಿ ಸೆಲೊಟೆಕ್ಸ್ ಕಂಪನಿ ಕಬ್ಬಿನ ಸಿಪ್ಪೆಯಲ್ಲೂ ಅದನ್ನೇ ಮಾಡಿತು. ಮಿಸಿಸಿಪ್ಪಿಯ ಲಾರೆಲ್‌ನಲ್ಲಿ, ಹಿಂದೆ ಥಾಮಸ್ ಎಡಿಸನ್ ಹತ್ತಿರ ಕೆಲಸ ಮಾಡಿದ್ದ ವಿಲಿಯಂ ಮೇಸನ್ 1924ರ ಹೊತ್ತಿಗೆ ಮರದ ಚಕ್ಕೆಗಳನ್ನು ಒತ್ತಡದ ಆವಿಯಲ್ಲಿ ಸಿಡಿಸಿ ನಾರು ಮಾಡುತ್ತಿದ್ದರು. ಅವರಿಗೂ ಬೇಕಿದ್ದದ್ದು ಮೆತ್ತನೆ ಹಲಗೆಯೇ. ಊಟಕ್ಕೆ ಹೋದಾಗ ಪ್ರೆಸ್ಸಿನ ವಾಲ್ವ್ ಸೋರಿ, ಬಿಸಿ ಹಾಗೇ ಉಳಿದು, ವಾಪಸ್ ಬಂದು ನೋಡಿದರೆ ಹಲಗೆ ಗಟ್ಟಿಯಾಗಿಬಿಟ್ಟಿತ್ತು ಅಂತ ಕಥೆ ಹೇಳುತ್ತಾರೆ. ಅದು ಹಾರ್ಡ್‌ಬೋರ್ಡ್ ಆಯಿತು, ಮೇಸೊನೈಟ್ ಅಂತ ಹೆಸರಾಯಿತು.

ಯುರೋಪಿಗೆ ದಾರಿ ತೆರೆದದ್ದು ಸ್ವೀಡನ್ನಿನ ಆರ್ನೆ ಆಸ್‌ಪ್ಲುಂಡ್. 1930ರ ದಶಕದ ಶುರುವಿನಲ್ಲಿ ಅವರು ಡೆಫಿಬ್ರೇಟರ್ ಅನ್ನೋ ಯಂತ್ರ ಮಾಡಿದರು. ಮರದ ಚಕ್ಕೆಯನ್ನು ಆವಿಯಲ್ಲಿ ಮೆತ್ತಗೆ ಮಾಡಿ, ಒತ್ತಡ ಇಳಿಸದೆ ಹಾಗೇ ಎರಡು ಲೋಹದ ಬಿಲ್ಲೆಗಳ ನಡುವೆ ಅರೆಯುವುದು. ಹೆಚ್ಚುಕಡಿಮೆ ನಮ್ಮ ಬೀಸುವ ಕಲ್ಲಿನ ಹಾಗೇ. ನಾರು ಒಂದೇ ಸಮನೆ ಹೊರಗೆ ಬರುತ್ತಿರುತ್ತದೆ, ಕರೆಂಟು ಖರ್ಚೂ ಕಡಿಮೆ. ಸಾಮಿಲ್ ಪಕ್ಕದಲ್ಲಿ ಸಣ್ಣ ಕಾರ್ಖಾನೆ ಹಾಕಿದರೂ ಗಿಟ್ಟುತ್ತದೆ ಅಂತಾಯಿತು. ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಸ್ಪ್ರೂಸ್, ಫರ್ ಮರಗಳಿಗೇನು ಬರ. ಸಾಮಿಲ್‌ಗಳಲ್ಲಿ ಉಳಿಯುವ ಚಕ್ಕೆಗೂ ಬರವಿಲ್ಲ. ಅಂದಿನ ವಿಧಾನಕ್ಕೆ ನೀರು ಜಾಸ್ತಿ ಬೇಕು, ಕಣಿವೆಯಲ್ಲಿ ಹೊಳೆ ಇತ್ತು.

ಇವತ್ತು ಈ ಹಲಗೆಯನ್ನು 'ಇಕೋ' ಅಂತ ಮಾರುತ್ತಾರೆ. ಅದರ ಹುಟ್ಟಿನಲ್ಲಿ ಪರಿಸರದ ಚಿಂತೆ ಏನೂ ಇದ್ದಂತೆ ನನಗೆ ಕಾಣಲಿಲ್ಲ. ಉಳಿದ ಕಸವನ್ನು ಕಾಸು ಮಾಡುವ ಲೆಕ್ಕ ಇತ್ತು. ಅದರಲ್ಲಿ ತಪ್ಪೇನೂ ಇಲ್ಲ ಬಿಡಿ.

ನಮ್ಮ ಅಟ್ಟದಲ್ಲಿ ಸಿಕ್ಕ ಹಲಗೆ ಹಳೇ ಪದ್ಧತಿಯದು. ನಾರನ್ನು ನೀರಲ್ಲಿ ಕಲಸಿ, ಜಾಲರಿ ಮೇಲೆ ಹರಡಿ, ನೀರು ಹಿಂಡಿ, ಉದ್ದನೆ ಒಲೆಯಲ್ಲಿ ಒಣಗಿಸೋದು. ಅಂಟು ಹಾಕುವ ಅಗತ್ಯವೇ ಇಲ್ಲ, ಮರದೊಳಗಿನ ಲಿಗ್ನಿನ್ ಅನ್ನೋ ಪದಾರ್ಥವೇ ಎಳೆಗಳನ್ನು ಹಿಡಿದುಕೊಳ್ಳುತ್ತದೆ. ತೊಂದರೆ ಇರೋದು ಒಣಗಿಸುವುದರಲ್ಲಿ. ಎರಡೂವರೆ ಸೆಂಟಿಮೀಟರ್ ದಾಟಿದರೆ ಒಳಗಿನ ನೀರು ಹೊರಗೆ ಬರಲ್ಲ, ಇಂಧನ ಸುರಿಯಬೇಕು. ಜಾಸ್ತಿ ದಪ್ಪ ಬೇಕಂದರೆ ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಬೇಕು.

1950ರಲ್ಲಿ ಎರಡು ಸೆಂಟಿಮೀಟರ್ ಅಂದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. 1973ರಲ್ಲಿ ಎಣ್ಣೆ ಬೆಲೆ ಏರಿತು. 1977ರಲ್ಲಿ ಜರ್ಮನಿ ಶಾಖ ಉಳಿಸುವ ಮೊದಲ ನಿಯಮ ತಂದಿತು. ಅಲ್ಲಿಂದ ಮುಂದೆ ಪ್ರತಿ ನಿಯಮಕ್ಕೂ ದಪ್ಪ ಏರುತ್ತಾ ಹೋಯಿತು. ಗ್ಲಾಸ್ ವೂಲ್, ಥರ್ಮಾಕೋಲ್ ಎಷ್ಟು ದಪ್ಪ ಬೇಕಾದರೂ ಅಗ್ಗದಲ್ಲಿ ಸಿಗುತ್ತಿತ್ತು. ಮರದ ನಾರಿನವರು ಹಿಂದೆ ಬಿದ್ದರು. ರಾಸಾಯನಿಕ ಬೇಡ ಅನ್ನುವ ಸ್ವಲ್ಪ ಜನ, ಸದ್ದು ತಡೆಯಲು ನೆಲಕ್ಕೆ ಹಾಕಿಸುವವರು, ಇಂಥವರ ಮೇಲೆ ವ್ಯಾಪಾರ ನಡೆಯಬೇಕಾಯಿತು.

ತಿರುವು ಬಂದದ್ದು ಈ ಶತಮಾನದಲ್ಲಿ. ಗುಟೆಕ್ಸ್ 2006ರಲ್ಲಿ ಒಣ ಪದ್ಧತಿಗೆ ಕೈ ಹಾಕಿತು. ನಾರನ್ನು ಮೊದಲೇ ಒಣಗಿಸಿ, ಪಾಲಿಯುರೆಥೇನ್ ಅಂಟನ್ನು ನೂರಕ್ಕೆ ನಾಲ್ಕು ಪಾಲಿನಷ್ಟು ಸಿಂಪಡಿಸಿ, ಹಾಸಿಗೆ ಥರ ಹರಡಿ, ಆವಿ ಬೆರೆತ ಬಿಸಿಗಾಳಿ ನುಗ್ಗಿಸಿದರೆ ಅಂಟು ಅಲ್ಲೇ ಗಟ್ಟಿಯಾಗುತ್ತದೆ. ಇಪ್ಪತ್ತು ಸೆಂಟಿಮೀಟರ್ ದಾಟಿದ ಹಲಗೆಯೂ ಒಂದೇ ತುಂಡಾಗಿ ಬರುತ್ತದೆ. ಒಣಗಿಸುವ ಖರ್ಚು ಎಷ್ಟೋ ಇಳಿಯುತ್ತದೆ. ನನ್ನ ಪ್ರಕಾರ ಈ ಕಂಪನಿಗಳನ್ನು ಉಳಿಸಿದ್ದು ಇದೇ. ಹಸಿರು ಜಾಹೀರಾತಿನಿಂದ 0.14 ಬರಲ್ಲ, ದಪ್ಪದಿಂದ ಬರುತ್ತೆ. 'ಶುದ್ಧ ಮರ' ಅನ್ನೋ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ. ಒಣ ಹಲಗೆಯಲ್ಲಿ ಅಂಟಿದೆ, ನೀರು ಹಿಡಿಯದಿರಲಿ ಅಂತ ಮೇಣವೂ ಇರುತ್ತದೆ. ಪಕಾಸಿಗಳ ನಡುವೆ ತುರುಕುವ ಮೆತ್ತನೆ ಹಾಸಿನಲ್ಲಿ ಪ್ಲಾಸ್ಟಿಕ್ ಎಳೆ ಸೇರಿರುತ್ತದೆ. ನೂರಕ್ಕೆ ನೂರು ಮರ ಬೇಕು ಅನ್ನೋರಿಗೆ ನಮ್ಮ ಅಟ್ಟದ ಹಳೇ ಹಲಗೆಯೇ ಸರಿ.

ಕೆಲಸಕ್ಕೆ ಬರೋಣ. ಮನೆ ಸುತ್ತ ಅಟ್ಟಣಿಗೆ ಎದ್ದಿತು. ಹೆಂಚು ಇಳಿಸಿದರು. ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿದೆ, ಅಂಚಿನಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ತೋಡು. ಮಂಗಳೂರು ಹೆಂಚಿಗೂ ಇದಕ್ಕೂ ಹಳೇ ನಂಟು. ಇಂಥ ಹೆಂಚನ್ನು 1841ರಲ್ಲಿ ಮಾಡಿದ್ದು ಇಲ್ಲೇ ಹತ್ತಿರ, ಫ್ರಾನ್ಸಿನ ಆಲ್ಸಾಸ್ ಪ್ರಾಂತ್ಯದ ಆಲ್ಟ್‌ಕಿರ್ಖ್ ಊರಿನ ಜಿಲಾರ್ಡೋನಿ ಸಹೋದರರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆ ಬಾಸೆಲ್ ನಮ್ಮ ಮನೆಯಿಂದ ರೈಲಲ್ಲಿ ಒಂದು ತಾಸಿನ ದಾರಿ. ಮಲೆನಾಡಿನ ಸಾಗರದಲ್ಲಿರುವ ಅಪ್ಪನ ಮನೆಯ ಹೆಂಚಿನ ಮೂಲ ಇಲ್ಲಿಯೇ ಅಂತ ಗೊತ್ತಾಗಿ ಅಪ್ಪನಿಗೆ ಫೋಟೋ ಕಳಿಸಿದೆ.

ಅಪ್ಪನ ಫೋನು ಬಂತು. 'ಹೆಂಚು ಹಾಳಾಗಿ ಹೋಗ್ಲಿ. ಮರದ ಹೊಟ್ಟು ತುಂಬ್ಸೋಕೆ ಇಷ್ಟು ದುಡ್ಡಾ? ಏನೇ ನಿಮಗೆ ತಲೆ ಕೆಟ್ಟಿದ್ಯಾ?'

'ಹೊಟ್ಟಲ್ಲಪ್ಪಾ, ನಾರು.'

'ಗೆದ್ದಲು ಹಿಡಿದ್ರೆ ಎರಡೂ ಒಂದೇ.'

ಇಲ್ಲಿ ಗೆದ್ದಲಿಲ್ಲ, ಅದು ನಮ್ಮ ಪುಣ್ಯ. ಬೆಂಗಳೂರಿನ ಗೆಳತಿಯರು ಕೇಳುತ್ತಾರೆ, ನಮ್ಮಲ್ಲೂ ಹಾಕಿಸಬಹುದಾ ಅಂತ. ಮಲೆನಾಡಿನಲ್ಲಂತೂ ನಾನು ಹಾಕಿಸಲ್ಲ. ನಾಲ್ಕು ತಿಂಗಳ ಮಳೆ, ಮೇಲೆ ಗೆದ್ದಲು. ಅಪ್ಪನ ಮಾತೇ ಸರಿ.

ನಮ್ಮ ಪಕಾಸಿಗಳು 14 ಸೆಂಟಿಮೀಟರ್ ಆಳ. ಅದರ ನಡುವೆ ಅಷ್ಟೇ ದಪ್ಪದ ಮೆತ್ತನೆ ಹಾಸು. ಸಂದಿಗಿಂತ ಒಂದು ಸೆಂಟಿಮೀಟರ್ ಅಗಲ ಜಾಸ್ತಿ ಇಟ್ಟು, ಹಲ್ಲಿರುವ ಉದ್ದ ಚಾಕುವಿನಲ್ಲಿ ಕತ್ತರಿಸಿ, ಒತ್ತಿ ಕೂರಿಸುತ್ತಾರೆ. ಮೊಳೆ, ಅಂಟು ಏನೂ ಬೇಡ, ತಾನೇ ಕಚ್ಚಿಕೊಂಡು ನಿಲ್ಲುತ್ತದೆ. ಗ್ಲಾಸ್ ವೂಲ್ ಥರ ಮೈ ಕಡಿಯಲ್ಲ, ಆದರೆ ಧೂಳು ಕೇಳಬೇಡಿ. ಕಿಟಕಿ ಮುಚ್ಚಿದ್ದರೂ ಅಡುಗೆಮನೆಯ ಡಬ್ಬಿಗಳ ಮೇಲೆ ತೆಳ್ಳಗೆ ಕಂದು ಪುಡಿ ಕೂತಿತ್ತು. ಪಕಾಸಿಯ ಮೇಲೆ 10 ಸೆಂಟಿಮೀಟರ್ ಹಲಗೆ, ಅದರ ಮೇಲೆ ನಾಲಿಗೆ-ತೋಡು ಇರುವ 6 ಸೆಂಟಿಮೀಟರ್ ಹಲಗೆ. ಮಳೆ ನೀರು ಹೆಂಚು ದಾಟಿ ಬಂದರೆ ತಡೆಯೋದು ಈ ಮೇಲಿನದು. ಇಷ್ಟು ದಪ್ಪಕ್ಕೆ ಹಾಕುವ ಸ್ಕ್ರೂ ನನ್ನ ಮೊಣಕೈಯಿಂದ ಮಣಿಕಟ್ಟಿನವರೆಗೆ ಬಂತು. ರೀಪರ್ ಮೇಲಿಂದ ಓರೆಯಾಗಿ ಹೊಡೆದು, ಹಲಗೆಗಳನ್ನು ದಾಟಿಸಿ ಪಕಾಸಿಗೆ ಬಿಗಿಯುತ್ತಾರೆ.

ಹಲಗೆಯ ತೂಕವನ್ನು ಯಾರೂ ಮೊದಲು ಹೇಳಲ್ಲ. 10 ಸೆಂಟಿಮೀಟರ್ ಹಲಗೆ ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ 14 ಕೆಜಿ. ಪಕಾಸಿಗಳು ಅಷ್ಟು ಹೊರೆ ತಾಳುತ್ತವಾ ಅಂತ ಲೆಕ್ಕ ಹಾಕಿಸಬೇಕಾಯಿತು. ಛಾವಣಿ 16 ಸೆಂಟಿಮೀಟರ್ ಎತ್ತರ ಆಯಿತಲ್ಲ, ಅದಕ್ಕೆ ನೀರಿನ ದೋಣಿ ಬಿಚ್ಚಿ ಹೊಸದಾಗಿ ಕೂರಿಸಬೇಕು, ಚಿಮಣಿ ಸುತ್ತಲ ತಗಡು ಬದಲಿಸಬೇಕು. ಕೊಟೇಶನ್ ಹೋಲಿಸುವಾಗ ಹಲಗೆಯ ಬೆಲೆ ಒಂದನ್ನೇ ನೋಡುವವರು ಇದನ್ನು ಮರೆಯುತ್ತಾರೆ. ಸದ್ಯ, ಅಟ್ಟಣಿಗೆ, ಹೆಂಚು, ತಗಡು ಇವೆಲ್ಲ ಬಾಫಾ ಲೆಕ್ಕಕ್ಕೂ ಸೇರುತ್ತವೆ.

ಚಿಮಣಿ ಹತ್ತಿರ ಬಂದಾಗ ಬಡಗಿ ಬೇರೆ ಮೂಟೆ ಬಿಚ್ಚಿದರು. ರಾಕ್ ವೂಲ್, ಅಂದರೆ ಕಲ್ಲು ಕರಗಿಸಿ ಮಾಡಿದ ನಾರು. ಚಿಮಣಿಯ ಸುತ್ತ ಮರದ ನಾರು ಮುಟ್ಟೋ ಹಾಗಿಲ್ಲ, ಬೆಂಕಿ ಹಿಡಿಯದ್ದೇ ಇರಬೇಕು. ಆ ಮೊದಲ ಗುತ್ತಿಗೆದಾರರ ಮಾತು ಪೂರ್ತಿ ಸುಳ್ಳೂ ಅಲ್ಲ. ಈ ಹಲಗೆ ಥಟ್ಟನೆ ಜ್ವಾಲೆ ಎಬ್ಬಿಸಿ ಉರಿಯಲ್ಲ, ಹೊರಗೆ ಇದ್ದಿಲಾಗುತ್ತಾ ಹೋಗುತ್ತದೆ. ಆದರೆ ಒಂದು ಕಿಡಿ ಒಳಗೆ ಸೇರಿದರೆ ಕಣ್ಣಿಗೆ ಕಾಣದ ಹಾಗೆ ತುಂಬಾ ಹೊತ್ತು ಒಳಗೊಳಗೇ ಕನಲುತ್ತಿರಬಹುದು. ಅದಕ್ಕೇ ಅಟ್ಟಣಿಗೆ ಮೇಲೆ ಸಿಗರೇಟು ಇಲ್ಲ, ಲೋಹ ಕತ್ತರಿಸುವ ಗ್ರೈಂಡರ್ ಅಂಗಳದಲ್ಲಿ ಮಾತ್ರ.

ಅರ್ಧ ಛಾವಣಿ ಬಿಚ್ಚಿದ್ದ ಒಂದು ಸಂಜೆ ಗುಡ್ಡದ ಕಡೆಯಿಂದ ಗುಡುಗು. ಹವಾಮಾನದ ಆ್ಯಪ್ ಬಿಸಿಲು ತೋರಿಸುತ್ತಿತ್ತು. ಎಲ್ಲರೂ ಟಾರ್ಪಾಲು ಎಳೆದರು, ನಮ್ಮನೆಯವರೂ ಚಪ್ಪಲಿಯಲ್ಲೇ ಏಣಿ ಹತ್ತಿದರು. ಮುಗಿದಿದ್ದ ಭಾಗದ ಮೇಲೆ ನೀರು ಮುತ್ತಾಗಿ ನಿಂತು ಜಾರಿ ಹೋಯಿತು, ಆ ಹಲಗೆ ಕೆಲವು ವಾರ ಮಳೆಗೆ ಬಿದ್ದರೂ ತಡೆಯುತ್ತದೆ. ಆದರೆ ಟಾರ್ಪಾಲಿನ ಒಂದು ಮೂಲೆ ಹಾರಿ ಮೆತ್ತನೆ ಹಾಸು ನೆನೆಯಿತು. ಬೆಳಿಗ್ಗೆ ಬಡಗಿ ಅದರೊಳಗೆ ಕೈ ಹಾಕಿ, ಹಿಂಡಿ ತೋರಿಸಿದರು. ಬೆರಳ ಸಂದಿಯಿಂದ ಚಹಾ ಬಣ್ಣದ ನೀರು ಇಳಿಯಿತು. 'ಇದು ಒಣಗುತ್ತೆ. ಆದರೆ ಒಳಗಿಟ್ಟು ಮುಚ್ಚಿದರೆ ಬೂಸ್ಟು. ತೆಗೆದುಬಿಡೋಣ.' ತೆಗೆದು ಹೊಸದು ಹಾಕಿದರು. ಆ ಖರ್ಚು ಅವರದೇ.

ಒಳಗಡೆ ಆವಿ ತಡೆಯುವ ಶೀಟು ಅಂಟಿಸಿ, ಸಂದಿಗಳಿಗೆಲ್ಲ ಟೇಪು ಹಚ್ಚಿದ ಮೇಲೆ ಬ್ಲೋವರ್ ಡೋರ್ ಪರೀಕ್ಷೆ. ಬಾಗಿಲಿಗೆ ದೊಡ್ಡ ಫ್ಯಾನು ಕಟ್ಟಿ, ಮನೆಯಿಂದ ಗಾಳಿ ಎಳೆದು, 50 ಪಾಸ್ಕಲ್ ಒತ್ತಡದ ವ್ಯತ್ಯಾಸ ಮಾಡುತ್ತಾರೆ. ಎಲ್ಲಿ ಸೋರುತ್ತದೋ ಅಲ್ಲಿ ಒದ್ದೆ ಕೈಗೆ ತಣ್ಣಗೆ ತಾಗುತ್ತದೆ. ವೈರು ಹೊರಬರುವ ಒಂದು ತೂತು ಸಿಕ್ಕಿತು, ಟೇಪು ಹಚ್ಚಿದರು, ಪಾಸ್.

ಈಗ ಹೇಗಿದೆ ಅಂತ ಎಲ್ಲರ ಪ್ರಶ್ನೆ. ಚಳಿಗಾಲದ ಮಟ್ಟಿಗೆ ಹೇಳೋದಾದರೆ, ಅಷ್ಟೇ ದಪ್ಪದ ಒಳ್ಳೇ ಗ್ಲಾಸ್ ವೂಲ್ ಇದಕ್ಕಿಂತ ಒಂಚೂರು ಚೆನ್ನಾಗಿಯೇ ಶಾಖ ತಡೆಯುತ್ತದೆ, ದುಡ್ಡೂ ಕಡಿಮೆ. ವ್ಯತ್ಯಾಸ ಗೊತ್ತಾಗೋದು ಬೇಸಿಗೆಯಲ್ಲಿ. ಒಂದು ಕೆಜಿ ಮರದ ನಾರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 2,100 ಜೂಲ್ ಬೇಕು, ಗ್ಲಾಸ್ ವೂಲ್‌ಗೆ ಅದರ ಅರ್ಧದಷ್ಟು ಸಾಕು. ಮೇಲೆ ತೂಕವೂ ಜಾಸ್ತಿ. ಮಧ್ಯಾಹ್ನದ ಬಿಸಿ ಛಾವಣಿ ದಾಟಿ ಒಳಗೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ, ಆಗ ಕಿಟಕಿ ತೆಗೆದರೆ ಆಯಿತು. ಹಗಲು ಕಿಟಕಿಗೆ ಹೊರಗಿನ ಪರದೆ ಇಳಿಸದವರಿಗೆ ಮಾತ್ರ ಇದರಿಂದ ಹೆಚ್ಚು ಲಾಭವಿಲ್ಲ. ಬಿಸಿಲು ಗಾಜಿನಿಂದ ಬಂದರೆ ಹಲಗೆ ಏನು ಮಾಡೀತು? ಜಾಹೀರಾತಿನವರು ಈ ಮಾತನ್ನು ಸಣ್ಣ ಅಕ್ಷರದಲ್ಲೂ ಹಾಕಲ್ಲ. ನನಗೆ ತುಂಬಾ ಹಿಡಿಸಿದ್ದು ಯಾರೂ ಮೊದಲು ಹೇಳದೇ ಇದ್ದದ್ದು: ಮಳೆ ಸದ್ದು, ಲಾರಿ ಸದ್ದು ಎರಡೂ ಕಡಿಮೆಯಾದವು.

ಈ ವ್ಯಾಪಾರವೂ ಈಗ ದೊಡ್ಡವರ ಕೈಗೆ ಹೋಗುತ್ತಿದೆ. ಪಾವಾಟೆಕ್ಸನ್ನು 2016ರಲ್ಲಿ ಫ್ರಾನ್ಸಿನ ಸೊಪ್ರೇಮಾ ಕೊಂಡಿತು. 1986ರಲ್ಲಿ ಉಡೊ ಶ್ರಾಮೆಕ್ ಶುರು ಮಾಡಿ, ಪೋಲೆಂಡಿನಲ್ಲಿ ಕಾರ್ಖಾನೆ ನಡೆಸಿ ಬೆಳೆದ ಸ್ಟೈಕೊ ಕಂಪನಿಯ 51% ಪಾಲು 2024ರಲ್ಲಿ ಐರ್ಲೆಂಡಿನ ಕಿಂಗ್‌ಸ್ಪ್ಯಾನ್ ಪಾಲಾಯಿತು. ಕಿಂಗ್‌ಸ್ಪ್ಯಾನ್ ಬೆಳೆದದ್ದೇ ಫೋಮ್ ಇನ್ಸುಲೇಶನ್ ಮಾರಿ! ನಮ್ಮ ಕಣಿವೆಯ ಕಂಪನಿ ಮಾತ್ರ ಇನ್ನೂ ಆ ಮನೆತನದ್ದೇ, ಬ್ರೈಸ್‌ಗೌ ಕಡೆ ಎರಡನೇ ಕಾರ್ಖಾನೆಯನ್ನೂ ಹಾಕಿದೆ.

ಬಿಲ್ಲುಗಳನ್ನೆಲ್ಲ ಕಳಿಸಿ, ಕನ್ಸಲ್ಟಂಟ್ ಸಹಿ ಹಾಕಿ, ಸಬ್ಸಿಡಿ ಕೈಗೆ ಬಂದದ್ದು ನಾವು ಅದನ್ನು ಮರೆಯುವ ಹೊತ್ತಿಗೆ. ಪ್ಲಾನ್ ಪ್ರಕಾರ ಮುಂದಿನದು ಉತ್ತರದ ಗೋಡೆ. ಅದಕ್ಕೂ ಇದೇ ಹಲಗೆ, ಮೇಲೆ ಗಾರೆ. ಬಡಗಿಯನ್ನು ಕೇಳಿದರೆ ಈ ವರ್ಷ ಪೂರ್ತಿ ಬುಕ್ ಆಗಿದ್ದಾರಂತೆ.